ಕೊನೆಯ ಸಾಲು

ಊರಿಗೆಲ್ಲ ಬುದ್ಧಿ ಹೇಳಿಯೂ ದಣಿಯದ ನಿವೃತ್ತ ಹೆಡ್ಮೇಷ್ಟ್ರು ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕುಳಿತರು. ಆದರೆ ಗದ್ದ ಒಡ್ಡಲಿಲ್ಲ.

"ಆರೋಗ್ಯ ಶಿಬಿರದಲ್ಲಿ ನೀನೂ ಪರೀಕ್ಷೆಗೆ ರಕ್ತ ಕೊಟ್ಟಿದ್ಯಲ್ಲ ಚೌಡಪ್ಪ, ಆ ಹೆಪಟೈಟಿಸ್ ಬಿ ರಿಪೋರ್ಟ್ ತೋರ್ಸು. ಆಮೇಲೆ ಬ್ಲೇಡು."

ಚೌಡಪ್ಪ ಕೈ ಒರೆಸಿಕೊಂಡು, ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಹಾಳೆ ತಂದುಕೊಟ್ಟ. ಇದ್ದದ್ದು ಎರಡೇ ಸಾಲು. ಮೇಷ್ಟ್ರ ಕಣ್ಣು ನೇರ ಕೊನೆಯದಕ್ಕೆ ಇಳಿಯಿತು.

"ಪಾಸಿಟಿವ್! ಬಂದೋರಿಗೆಲ್ಲ ರೋಗ ಹಂಚ್ತಿದ್ಯೇನೋ!"

ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಗಾಬರಿಯಿಂದ ಎದ್ದು ನಿಂತರು.

"ಸಾರ್, ವೈರಸ್ ಇದ್ಯೋ ಇಲ್ವೋ ಅಂತ ಹೇಳೋದು ಮೇಲಿನ ಸಾಲು. ನಂದು ನೆಗೆಟಿವ್. ಕೆಳಗಿಂದು ಲಸಿಕೆಯಿಂದ ಬಂದಿರೋ ರಕ್ಷಣೆ. ಅದು ಪಾಸಿಟಿವ್ ಇದ್ರೇನೇ ಒಳ್ಳೇದು ಅಂತ ಡಾಕ್ಟ್ರೇ ಹೇಳಿದ್ರು."

"ಮೂವತ್ತೈದು ವರ್ಷ ಅಂಕಪಟ್ಟಿ ನೋಡಿದೋನು ನಾನು. ಫಲಿತಾಂಶ ಯಾವತ್ತೂ ಕೊನೇ ಸಾಲಲ್ಲೇ ಇರುತ್ತೆ. ಅದಕ್ಕೆ ಡಾಕ್ಟ್ರು ಬೇರೆ ಬೇಕಾ? ಕ್ಲೀನ್ ರಿಪೋರ್ಟ್ ಹೇಗಿರುತ್ತೆ, ನೋಡು!"

ಮೇಷ್ಟ್ರು ಜೇಬಿನಿಂದ ತಮ್ಮ ಹಾಳೆ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಚೌಡಪ್ಪ ಬಗ್ಗಿ ಓದಿದ. ಕೊನೆಯ ಸಾಲು ನೆಗೆಟಿವ್ ಇತ್ತು, ಮೇಲಿನದು ಪಾಸಿಟಿವ್.