ಎರಡನೇ ಸರ್ವಿಸ್ಸಿನ ಸೀಲು

ಇಡ್ಲಿ ಪಾತ್ರೆಯ ಮುಚ್ಚಳ ಎತ್ತುತ್ತಿದ್ದ ಸಿದ್ದಲಿಂಗಮ್ಮ ಜಗಲಿಯತ್ತ ಕಿವಿಗೊಟ್ಟಳು. ನಂಜನಗೂಡಿನ ಟ್ರ್ಯಾಕ್ಟರ್ ಷೋರೂಮಿನ ಮ್ಯಾನೇಜರ್ ರಘೂತ್ತಮ ಎರಡು ತಿಂಗಳಿಂದ ಹಾಡುತ್ತಿದ್ದ ಹಳೇ ರಾಗವನ್ನೇ ಹಾಡುತ್ತಿದ್ದ. “ಪುಸ್ತಕದಲ್ಲಿ ಎರಡನೇ ಸರ್ವಿಸ್ಸಿನ ಸೀಲೇ ಇಲ್ಲಮ್ಮಾ. ಕಂಪನಿಗೆ ಏನಂತ ಕಾಗದ ಕಳಿಸಲಿ? ವಾರಂಟಿ ಹೋಯ್ತು, ಕೆಟ್ಟಿರೋ ಗೇರ್‌ಬಾಕ್ಸ್ ನಿಮ್ಮ ದುಡ್ಡಲ್ಲೇ ಹಾಕಿಸ್ಕೋಬೇಕು.”

“ಬಿಳಿಗೆರೇಲಿ ನಿಮ್ಮೋರೇ ಮಾಡಿದ್ ಸರ್ವಿಸ್ ಕ್ಯಾಂಪಲ್ಲಿ ಮಾಡ್ಸಿವ್ನಿ ಸ್ವಾಮಿ. ಕೊಡಿ ಇಲ್ಲಿ,” ಎಂದು ಆಕೆ ಹೊರಗೆ ಬಂದು ಪುಸ್ತಕ ತೆಗೆದುಕೊಂಡಳು. ಒಂದೊಂದೇ ಹಾಳೆ ತಿರುವಿದಳು. ಏಳನೇ ಪುಟ ಆದ ಮೇಲೆ ಹತ್ತು ಬಂತು. ಬೆರಳಿಗೆ ಸಿಕ್ಕ ಹಾಳೆ ರಟ್ಟಿನಷ್ಟು ದಪ್ಪವಾಗಿತ್ತು. ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ಜೊತೆಗೆ ಈ ಪುಸ್ತಕಕ್ಕೂ ಭಕ್ತಿಯಿಂದ ಪಂಚಾಮೃತ ಚಿಮುಕಿಸಿದವಳು ತಾನೇ! ಜೇನು, ಬಾಳೆಹಣ್ಣು ಒಣಗಿ ಎರಡು ಹಾಳೆ ಒಂದಾಗಿದ್ದವು.

“ಎಳೀಬೇಡಿ, ಹರಿದುಹೋಗುತ್ತೆ!” ಎಂದು ರಘೂತ್ತಮ ಕೂಗಿಕೊಂಡ.

“ಎಳ್ಯಕೆ ನನಗೇನು ಅವಸ್ರ?” ಎನ್ನುತ್ತ ಸಿದ್ದಲಿಂಗಮ್ಮ ಒಳಗೆ ಹೋಗಿ ಹಾಳೆಯನ್ನು ಇಡ್ಲಿಯ ಹಬೆಗೆ ಹಿಡಿದಳು. ಹಾಳೆ ಮೆಲ್ಲಗೆ ಬಿಟ್ಟುಕೊಂಡಿತು. ಒಳಗೆ ನೀಲಿ ಸೀಲು, ತಾರೀಖು, ಕೆಳಗೊಂದು ಉದ್ದನೆಯ ಸಹಿ. ಅದನ್ನು ತಂದು ಅವನ ಮೂಗಿನ ಮುಂದೆ ಹಿಡಿದಳು. “ಈ ಸೈನು ಯಾರ್ದು, ವಸಿ ಓದಿ ಸ್ವಾಮಿ.”

ರಘೂತ್ತಮ ಕನ್ನಡಕ ತೆಗೆದು ಒರೆಸಿಕೊಂಡ. “ನಂದೇ ಅಮ್ಮಾ. ಆ ಕ್ಯಾಂಪಿಗೆ ನಾನೇ ಬಂದಿದ್ದೆ.”

“ಅಂಗಾದ್ರೆ ಕಾಗ್ದ ಈಗ್ಲೇ ಓಗ್ಲಿ. ಅದ ಕಳ್ಸಿದ್ಮೇಲೆ ನಿಮ್ಗೆ ಇಡ್ಲಿ.”

ಅವನು ನಗುತ್ತ ಪುಟದ ಫೋಟೊ ತೆಗೆದ. ಮೊಬೈಲಿನಲ್ಲೇ ಕಂಪನಿಗೆ ಕಾಗದ ಬರೆದು, ಅದಕ್ಕೆ ಫೋಟೊ ಸೇರಿಸಿ, ಸಿದ್ದಲಿಂಗಮ್ಮ ನೋಡುತ್ತಿದ್ದಂತೆಯೇ ಕಳಿಸಿಬಿಟ್ಟ.