ತಟ್ಟೆಯಲ್ಲಿ ಮೂರು ಹೆಚ್ಚು

ಮೆಷಿನ್ ಮತ್ತೆ ನಿಂತಿತು. ಹತ್ತು ದಿನದಲ್ಲಿ ಹತ್ತನೇ ಸಲ.

ಇಂಜಿನಿಯರ್ ಹಣೆಯನ್ನು ಮೆಷಿನ್ನಿನ ಗಾಜಿಗೆ ಒತ್ತಿ ಕಣ್ಣು ಮುಚ್ಚಿದ. ಒಂದರ ಹಿಂದೆ ಒಂದು ಮೂರು ಕೆಟ್ಟ ಕೊಳವೆ ಬಂದರೆ ಲೈನು ತಾನಾಗಿ ನಿಲ್ಲಬೇಕು ಅಂತ ಪ್ರೋಗ್ರಾಂ ಬರೆದವನು ಅವನೇ. ಈಗ ಅದೇ ಅವನ ಕುತ್ತಿಗೆಗೆ ಬಂದಿತ್ತು.

ಡ್ರಿಪ್ ಹಾಕುವಾಗ ರೋಗಿಯ ರಕ್ತನಾಳದೊಳಗೆ ಬಿಡುವ ಪ್ಲಾಸ್ಟಿಕ್ ಕೊಳವೆಗಳು ಅವು, ಬೆಂಕಿಕಡ್ಡಿಗಿಂತ ಸಣ್ಣವು. ತುದಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಒಳಗೇ ಮುರಿದು ಉಳಿದೀತು. ಇಷ್ಟು ವರ್ಷ ಆರು ಜನ ಹೆಂಗಸರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಇನ್ನು ಮುಂದೆ ಇವನ ಕ್ಯಾಮೆರಾ ನೋಡಬೇಕು. ನಾಳೆ ಶುಕ್ರವಾರದ ಕೊನೆಯ ಪ್ರಯೋಗ ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ. ಮೂರು ವರ್ಷದಲ್ಲಿ ಇದು ಮೂರನೇ ಕೆಲಸ. ಹೆಂಡತಿ ಪಾತ್ರೆ ತುಂಬಿದ ರಟ್ಟಿನ ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ. “ಶುಕ್ರವಾರ ಕಳೀಲಿ, ಆಮೇಲೆ ಬಿಚ್ತೀನಿ. ಕಟ್ಟಿ ಕಟ್ಟಿ ಕೈ ಸೋತಿದೆ ನಂಗೆ” ಎಂದಿದ್ದಳು.

ಅವನೇನು ಕೈಕಟ್ಟಿ ಕೂತಿರಲಿಲ್ಲ. ಗುರುತಿಗೆ ಕೆಂಪು ಚುಕ್ಕೆ ಇಟ್ಟ ಕೆಟ್ಟ ಕೊಳವೆಗಳನ್ನು ಲೈನಿಗೆ ಸೇರಿಸಿ ಎಲ್ಲರೆದುರೇ ಪರೀಕ್ಷೆ ಮಾಡಿ ತೋರಿಸಿದ್ದ. ಮೆಷಿನ್ ಒಂದನ್ನೂ ಬಿಟ್ಟಿರಲಿಲ್ಲ. ಆಮೇಲೆ ಶುರುವಾಯಿತು ಈ ಪೀಡೆ. ದೀಪ ಬದಲಿಸಿದ. ಲೆನ್ಸ್ ಒರೆಸಿದ. ಕೊಳವೆ ತಯಾರಿಸುವ ಅಚ್ಚಿನ ವಿಭಾಗಕ್ಕೆ ಹೋಗಿ ಕೂಗಾಡಿದ.

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ” ಎಂದ ಅಲ್ಲಿನ ಮೇಸ್ತ್ರಿ. “ನಮ್ಮ ಅಚ್ಚು ಬಂಗಾರದಂಥದ್ದು ಸಾರ್.”

“ನಿಮ್ಮ ಮೆಷಿನ್ ಓಡೋಕೆ ಹುಟ್ಟಿದ್ದಾ, ನಿಲ್ಲೋಕಾ?” ಎಂದರು ಮ್ಯಾನೇಜರ್. ಕ್ವಾಲಿಟಿ ವಿಭಾಗದ ಮೇಡಂ ಅಷ್ಟೂ ಅನ್ನಲಿಲ್ಲ. “ಇವತ್ತೂ ನಿಂತಿತಾ? ಸರಿ” ಎಂದು ದಿನಾ ಸಹಿ ಹಾಕಿ ಹೋಗುತ್ತಿದ್ದರು. ಬೈದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಆ ಗುರುವಾರ, ಬೇರೇನೂ ತೋಚದೆ, ಅವನು ಲೆಕ್ಕ ತೆಗೆದ. ಪ್ರತಿ ತಟ್ಟೆಯಲ್ಲೂ ತೂಗಿ ಹಾಕಿದ ಐನೂರು ಕೊಳವೆ ಇರುತ್ತವೆ. ಮೆಷಿನ್ ನಿಂತ ತಟ್ಟೆಯಲ್ಲಿ ಐನೂರ ಮೂರು ಇದ್ದವು. ಹಿಂದಿನ ದಿನದ್ದು ನೋಡಿದ. ಅದರ ಹಿಂದಿನದ್ದನ್ನೂ ನೋಡಿದ. ದಿನಾ ಒಂದೇ ಒಂದು ತಟ್ಟೆಯಲ್ಲಿ, ದಿನಾ ಮೂರು ಹೆಚ್ಚು. ಯಾರೋ ಬೇಕಂತಲೇ ಸೇರಿಸುತ್ತಿದ್ದರು.

ತಟ್ಟೆ ತಂದಿಡುತ್ತಿದ್ದುದು ಎಲ್ಲರೂ ಅಕ್ಕ ಎನ್ನುತ್ತಿದ್ದವಳು, ಆ ಆರು ಹೆಂಗಸರಲ್ಲಿ ಹಿರಿಯಳು. ಚಾವಣಿಯ ಕಾವಲು ಕ್ಯಾಮೆರಾದ ಚಿತ್ರ ಹಿಂದಕ್ಕೆ ತಿರುಗಿಸಿ ನೋಡಿದಾಗ ಸಿಕ್ಕಿಬಿದ್ದಳು. ಅತ್ತಿತ್ತ ನೋಡಿ, ಜೇಬಿನಿಂದ ಮೂರು ಕೊಳವೆ ತೆಗೆದು ಸಾಲಿಗೆ ಸೇರಿಸಿ, ಸಣ್ಣ ಪುಸ್ತಕದಲ್ಲಿ ಏನನ್ನೋ ಗೀಚಿದಳು.

ನಿನ್ನೆ ತಾನೇ ಅವಳು, “ಈ ಮೆಷಿನ್ ಪಾಸಾಗ್ಲಿ ಅಂತ ನಿಮಗಿಂತ ನಂಗೇ ಆಸೆ ಸಾರ್. ಹತ್ತೊಂಬತ್ತು ವರ್ಷ ಕಣ್ಣು ಸವೆಸಿದ್ದು ಸಾಕು” ಎಂದಿದ್ದಳು. ಬಾಯಿ ಬೆಲ್ಲ, ಕರುಳು ಕತ್ತರಿ. ಮೆಷಿನ್ ಬಂದರೆ ತನ್ನ ಕುರ್ಚಿ ಹೋಗುತ್ತದೆ ಅಂತ ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕುವುದೇ? ಅವನಿಗೆ ಅಳುವಷ್ಟು ಸಿಟ್ಟು ಬಂತು.

ಈಗಲೇ ದೂರು ಕೊಟ್ಟರೆ ವಿಚಾರಣೆ ಅದು ಇದು ಅಂತ ಶುಕ್ರವಾರ ಕೈತಪ್ಪುತ್ತದೆ. ಅವನು ಯೋಚಿಸಿದ. ಎಷ್ಟು ಸೀಳಿದ್ದರೆ ಕೆಟ್ಟದ್ದು ಅನ್ನುವ ಮಿತಿಯನ್ನು ಸ್ವಲ್ಪ ಸಡಿಲಿಸಿದರೆ ಅವಳ ಕೊಳವೆಗಳು ತಂಟೆಯಿಲ್ಲದೆ ದಾಟುತ್ತವೆ. ಪ್ರಯೋಗದ ಮಾಲು ಹೇಗೂ ಗುಜರಿಗೆ. ಯಾವ ರೋಗಿಯ ಮೈಗೂ ಹೋಗುವುದಿಲ್ಲ. ಪಾಸಾದ ಮೇಲೆ ಮಿತಿ ಮೊದಲಿನ ಹಾಗೆ. ಒಂದೇ ದಿನದ ಮಾತು. ಹೊಸ ಅಂಕಿ ಒತ್ತುವಾಗ ನಾಚಿಕೆಯಾಯಿತು, ಆದರೂ ಒತ್ತಿದ.

ಶುಕ್ರವಾರ ಅಕ್ಕ ತಟ್ಟೆ ತಂದಳು. ಕೈ ಜೇಬಿಗೆ ಹೋಯಿತು. ಮೆಷಿನ್ ಓಡುತ್ತಲೇ ಇತ್ತು.

ಅಕ್ಕ ಅಲ್ಲೇ ನಿಂತು ನೋಡಿದಳು. “ಸಾರ್, ಮೆಷಿನ್‌ಗೆ ಏನಾದ್ರೂ ಆಗಿದ್ಯಾ?”

“ಇವತ್ತು ಯಾರು ಏನು ಮಾಡಿದ್ರೂ ಅದು ನಿಲ್ಲಲ್ಲ ಅಕ್ಕಾ.”

ಮಾಸ್ಕಿನ ಮೇಲೆ ಅವಳ ಕಣ್ಣು ತುಂಬಿಕೊಂಡಿತು. ಹೀಗೇ ಆಗಬೇಕು ಇವಳಿಗೆ, ಅಂದುಕೊಂಡ.

ಆರು ಗಂಟೆ ಓಡಿತು. ತಿರಸ್ಕೃತ ಕೊಳವೆ: ಸೊನ್ನೆ. ವರದಿಯನ್ನೂ ಅಕ್ಕನ ಚಿತ್ರವನ್ನೂ ಹಿಡಿದು ಅವನು ಮೇಡಂ ಕೋಣೆಗೆ ಹೋಗಿ ಎರಡನ್ನೂ ಮೇಜಿನ ಮೇಲಿಟ್ಟ. “ದಿನಾ ಕೆಟ್ಟ ಕೊಳವೆ ಸೇರಿಸ್ತಾ ಇದ್ದಿದ್ದು ಇವರೇ ಮೇಡಂ.”

ಮೇಡಂ ಚಿತ್ರದ ಕಡೆ ನೋಡಲೇ ಇಲ್ಲ. “ಗೊತ್ತು. ಆ ಕೊಳವೆ ಕೊಡ್ತಾ ಇದ್ದಿದ್ದು ನಾನೇ” ಎಂದು ಕಡತ ಬಿಚ್ಚಿದರು. “ಇಲ್ಲಿ ಕೊನೇ ಪರೀಕ್ಷೆ ಯಾರಿಗೂ ಹೇಳಿ ಮಾಡಲ್ಲ.” ಹತ್ತು ಸಾಲು, ಹತ್ತರ ಮುಂದೆಯೂ ಪಾಸು ಅಂತ ಅವರದೇ ಸಹಿ. ಹನ್ನೊಂದನೆಯದು ಖಾಲಿ.

“ಹತ್ತು ದಿನವೂ ಸರಿಯಾಗಿ ನಿಂತಿತ್ತಲ್ರೀ,” ಎಂದರು ಮೇಡಂ, “ಇವತ್ತು ಯಾಕೆ ನಿಲ್ಲಲಿಲ್ಲ?”