ಹೀರೋನ ದೋಸ್ತಿಗಳು

ಹೆಣ್ಣಿನ ಕಡೆಯವರು ಎದುರಿಗೆ ಬಂದು ಕುಳಿತು ಇನ್ನೂ ಕಾಫಿ ಬಂದಿರಲಿಲ್ಲ, ಅಷ್ಟರಲ್ಲಿ ಗಂಡಿನ ದೋಸ್ತಿ ರಾಜೀವ ಸಿನಿಮಾದ ಕಥೆ ಶುರು ಮಾಡಿಯೇ ಬಿಟ್ಟ. ಹೆಣ್ಣು ನೋಡಲು ಬಂದ ಸುಶಾಂತ ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಬೀಜಾಡಿಯಲ್ಲಿ ಕಾರು ಹತ್ತುವಾಗಲೇ ಕೈಮುಗಿದು ಹೇಳಿದ್ದ, ಅಲ್ಲಿ ಪಿಚ್ಚರಿನ ಸುದ್ದಿ ಎತ್ತಬೇಡ ಎಂದು. ಹೂಂ ಎಂದ ರಾಜೀವ ಕೊಲ್ಲೂರಿನವರೆಗೂ ಅದೇ ಪಿಚ್ಚರಿನ ಸುದ್ದಿ ಹೇಳಿಕೊಂಡು ಬಂದಿದ್ದ. ಕುಂದಾಪುರದ ಥೇಟರಿನವರು ತೆಗೆಯುವ ತನಕ ಬಿಡದೆ ನೋಡಿದ ಪಿಚ್ಚರು ಅದು. ಹೀರೋನ ಹೆಸರು ಕೇಳಿದರೆ ತಡವರಿಸುತ್ತಾನೆ. ಅವನ ದೋಸ್ತಿಗಳಾಗಿ ಬರುವ ಕಾಮೆಡಿಯವರಿಬ್ಬರ ಕೆಮ್ಮು ಕೂಡ ಬಾಯಿಪಾಠ.

ಕೊಲ್ಲೂರಿನಲ್ಲಿ ಹೆಣ್ಣು ನೋಡುವುದಕ್ಕೆ ಒಂದು ಅನುಕೂಲವಿದೆ. ಎರಡೂ ಕಡೆಯವರು ಅಮ್ಮನವರ ದರ್ಶನಕ್ಕೆಂದು ಬರುತ್ತಾರೆ, ಬೀದಿಯ ಹೋಟೆಲಿನಲ್ಲಿ ಅಕಸ್ಮಾತ್ ಸಿಕ್ಕವರಂತೆ ಕುಳಿತು ಮಾತಾಡುತ್ತಾರೆ. ಕೂಡಿ ಬಾರದಿದ್ದರೆ ದರ್ಶನ ಮಾಡಿ ಬಂದೆವು ಎಂದು ಊರಲ್ಲಿ ಹೇಳಬಹುದು. ಸುಶಾಂತ ಹೀಗೆ ದರ್ಶನ ಮಾಡಿ ಮಾಡಿ ಸಾಕಾಗಿದ್ದ. ತ್ರಾಸಿಯ ಹೆದ್ದಾರಿಯಲ್ಲಿ ಸ್ವಂತ ಹೋಟೆಲಿದೆ, ಗಿರಾಕಿಗಳ ಹತ್ತಿರ ಮಾತಿಗೆ ಬರವಿಲ್ಲ. ಹುಡುಗಿಯ ಎದುರು ಕುಳಿತರೆ ಮಾತ್ರ ನಾಲಿಗೆ ಏಳುವುದಿಲ್ಲ. ಅದಕ್ಕೇ ರಾಜೀವನನ್ನು ಜೊತೆಗೆ ಕರೆತರುವುದು. ಇದೂ ತಪ್ಪಿಹೋದರೆ ಇನ್ನು ಮದುವೆಯ ಮಾತೇ ಬೇಡ ಎಂದು ಈ ಸಲ ಮನೆಯಲ್ಲಿ ಹೇಳಿ ಬಂದಿದ್ದ. ಹುಡುಗಿ ಅನಿಷಾಳನ್ನು ನೋಡಿದ ಮೇಲೆ ಹಾಗೆ ಹೇಳಬಾರದಿತ್ತು ಅನ್ನಿಸಿತು.

"ಕೇಣಿ ಅಮ್ಮಾ," ರಾಜೀವ ಹುಡುಗಿಯ ತಾಯಿ ಉಮಾವತಿಯವರ ಕಡೆ ಕುರ್ಚಿ ಎಳೆದುಕೊಂಡ. "ಮೂರ್ ಜನ ದೋಸ್ತಿಗಳ್. ಹೀರೋ, ಒಬ್ಬ ದಪ್ಪಂವ, ಒಬ್ಬ ಸಪೂರದಂವ. ಹೀರೋ ಜೀಪ್ ಹಾಳಾಯ್ತ್. ಇವ್ರ್ ಇಬ್ರೂ ಅದನ್ನ ಹೆಣ್ಣಿನ ಮನಿ ತನ್ಕ ದೂಡ್ಕಂಡ್ ಹೋಪುದ್. ಹೀರೋ ಒಳ್ಗ್ ಕೂಕಂಡ್ ತಲಿ ಬಾಚ್ತಾ ಇದ್ದ."

"ತಲಿ ಬಾಚುದಾ?" ಉಮಾವತಿ ಆಗಲೇ ನಗತೊಡಗಿದ್ದರು.

"ಆ ದಪ್ಪಂವ ಒಂದ್ ಮಾತ್ ಆಡುದಿಲ್ಲ ಕಾಣಿ. ಬೆವ್ರ್ ಒರ್ಸ್ಕಂಡ್ ಜೀಪಿನ್ ಕನ್ನಡಿ ಬದಿಗ್ ಒಂದ್ ಸಲ ಕಾಂತ. ಅಷ್ಟೇ. ಥೇಟ್ರಿಗ್ ಥೇಟ್ರೇ ನೆಗಾಡ್ತ್. ಮಾತಾಡಿ ನೆಗಾಡ್ಸುಕೆ ಯಾರಿಗೂ ಆತ್ತ್. ಸುಮ್ನೆ ಇದ್ದ್ ನೆಗಾಡ್ಸುದ್ ಇತ್ತಲ್ದಾ, ಅದ್ ಕಷ್ಟ."

ಹಾಗೆಂದು ಎದ್ದು ನಿಂತು, ಕುರ್ಚಿಯನ್ನೇ ಜೀಪು ಮಾಡಿಕೊಂಡು ದೂಡಿ, ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿ, ಇಲ್ಲದ ಕನ್ನಡಿಯನ್ನು ನೋಡಿದ. ಪಕ್ಕದ ಮೇಜಿನ ಯಾತ್ರಿಕರೂ ನಕ್ಕರು. ಅನಿಷಾ ಬಾಯಿಗೆ ಕೈ ಅಡ್ಡ ಹಿಡಿದಳು. ಸುಶಾಂತನಿಗೆ ಮೈಯೆಲ್ಲ ಉರಿಯಿತು. ಹುಡುಗಿ ಬಂದಾಗಿನಿಂದ ತನ್ನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ನೋಡಿದ್ದೆಲ್ಲ ಈ ಪುಣ್ಯಾತ್ಮನನ್ನೇ. ರಾಜೀವ ಕುಳಿತದ್ದೇ ತಡ, ಸುಶಾಂತ ಮೇಜಿನಡಿಯಲ್ಲಿ ಅವನ ಕಾಲು ಮೆಟ್ಟಿದ.

"ಎಂತಕ್ ಕಾಲ್ ಮೆಟ್ಟುದ್ ಮಾರಾಯಾ?" ರಾಜೀವ ಎಲ್ಲರೆದುರೇ ಕೇಳಿದ.

ಉಮಾವತಿ ಕಣ್ಣೊರೆಸಿಕೊಳ್ಳುತ್ತಾ, "ನಿಮ್ಗ್ ಮದಿ ಆಯ್ತಾ?" ಎಂದು ರಾಜೀವನ ಮದುವೆಯ ವಿಚಾರ ಕೇಳಿದರು.

"ನಂದ್ ಬಿಡಿ ಅಮ್ಮಾ, ಸಪೂರದಂವಂದ್ ಕೇಣಿ. ಹೀರೋ ಹೀರೋಯಿನ್ ಮಳಿಯಂಗೆ ಹಾಡುವತಿಗೆ ಅವ್ರಿಗ್ ಕೊಡೆ ಹಿಡ್ದ್ ಹಿಡ್ದ್ ಅಂವ ಪೂರಾ ಚಂಡಿ, ಮೈಯಿಂದ ನೀರ್ ಇಳೀತಾ ಇತ್ತ್."

ಸುಶಾಂತನ ತಾಳ್ಮೆ ಅಲ್ಲಿಗೆ ಮುಗಿಯಿತು. "ಆ ಹೀರೋ ಬಗ್ಗೆ ಒಂದ್ ಮಾತಾರೂ ಹೇಳ್ ಕಾಂಬ."

"ಹೀರೋ ಎಂತ ಮಾಡ್ದ? ತಲಿ ಬಾಚ್ದ."

ಈ ಸಲ ಅನಿಷಾ ಕೈ ಅಡ್ಡ ಹಿಡಿಯದೆ ನಕ್ಕಳು. ಸುಶಾಂತ ಸಿಟ್ಟಿನಲ್ಲಿ ಅವಳ ಕಡೆಗೇ ತಿರುಗಿದ. "ನೀವ್ ಒಂದ್ ಸಲ ಕೇಂಡ್ ನೆಗಾಡ್ತ್ರಿ. ನಾನ್ ತಿಂಗ್ಳಿಂದ ಇದನ್ನೇ ಕೇಂತಾ ಇದ್ದೆ. ಹೋಟ್ಲಿಗ್ ಬಂದ್ರೂ ಇದೇ, ಮೀನ್ ತಪ್ಪುಕ್ ಪ್ಯಾಟಿಗ್ ಹೋರೂ ಇದೇ. ನಮ್ ಅಡ್ಗಿಯಂವ ಈಗ ದೋಸಿ ಹೊಯ್ಯುಕ್ ಮುಂಚೆ ಬೆವ್ರ್ ಒರ್ಸಿ ಕಾವ್ಲಿ ಬದಿಗ್ ಕಾಂತ."

ಹೇಳಿ ಮುಗಿದ ಮೇಲೆಯೇ ತಾನು ಇಷ್ಟು ಮಾತಾಡಿದ್ದು ಅವನಿಗೆ ತಿಳಿದದ್ದು. ಅನಿಷಾ ಅಡುಗೆಯವನ ಬಗ್ಗೆ ಕೇಳಿದಳು, ಹೇಳಿದ. ತಾನು ಕೆಲಸ ಮಾಡುವ ಬೈಂದೂರಿನ ಬ್ಯಾಂಕಿನಲ್ಲೂ ಇಂಥ ಒಬ್ಬರಿದ್ದಾರೆ ಎಂದಳು, ಕೇಳಿದ. ಮಾತಿಗೆ ಮಾತು ಸೇರಿ ಇಬ್ಬರ ಕಾಫಿಯೂ ಆರಿತು. ರಾಜೀವ ಅಷ್ಟು ಹೊತ್ತೂ ಉಮಾವತಿಯವರಿಗೆ ಸಪೂರದವನ ಪುರಾಣ ಹೇಳುತ್ತಲೇ ಇದ್ದ, ಸ್ವರ ಮಾತ್ರ ತಗ್ಗಿಸಿದ್ದ.

ಏಳುವಾಗ ಉಮಾವತಿ ಮಗಳ ಮುಖ ನೋಡಿ, "ಜಾತಕ ಕಳ್ಸಿ ಕೊಡಿ. ನಮ್ಗ್ ಒಪ್ಪಿಗೆ ಅಂದೇಳಿ ಮನಿಯಂಗೆ ಹೇಳಿ" ಎಂದರು. ಸುಶಾಂತನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೂ ರಾಜೀವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಕಾರು ಹತ್ತಿದ ಮೇಲೆ ಎಂತೆಂಥ ಮಾತಿನಲ್ಲಿ ಬೈಯಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದ.

ಆಗ ಅನಿಷಾ ರಾಜೀವನನ್ನು ಕೇಳಿದಳು. "ಕಡಿಗ್ ಎಂತ ಆಯ್ತ್? ಆ ಇಬ್ರಿಗೂ ಮದಿ ಆಯ್ತಾ?"

ಬೆಳಗಿನಿಂದ ಬಾಯಿ ಮುಚ್ಚದ ರಾಜೀವ ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡ.

"ಹೀರೋ ಮದಿ ಆಯ್ತ್. ಇವ್ರ್ ಇಬ್ರೂ ಸಾರಿನ್ ಬಾಲ್ದಿ ಹಿಡ್ಕಂಡ್ ಬಡ್ಸ್ತಾ ಇದ್ದಿರ್. ಪಿಚ್ಚರ್ ಅಲ್ಲಿಗೇ ಮುಗೀತ್."

ಉಮಾವತಿಯವರು ಅದಕ್ಕೂ ನಕ್ಕರು.